ಕುಡಿತ, ಕಾಮಾಲೆ ಮತ್ತು ಪಥ್ಯ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಹಳ್ಳಿಗಳಲ್ಲಿ ಯಾರದಾದರೂ ಕಣ್ಣು ಹಳದಿಗೆ ತಿರುಗಿತೆಂದರೆ, ಮನೆಯವರು ಮೊದಲು ಬದಲಾಯಿಸುವುದು ಅಡುಗೆಯನ್ನು. ಎಣ್ಣೆ, ಒಗ್ಗರಣೆ ನಿಲ್ಲುತ್ತವೆ. ಬೇಳೆ, ಮೊಟ್ಟೆ, ಮಾಂಸ ನಿಲ್ಲುತ್ತವೆ. ಉಳಿಯುವುದು ಗಂಜಿ, ಮಜ್ಜಿಗೆ ಅನ್ನ, ಹೆಚ್ಚೆಂದರೆ ಎಳನೀರು. ಮೂರು ಭಾಷೆಗಳು ಕೂಡುವ ಸೀಮೆ ಇದು. ಕನ್ನಡದವರು ಕಾಮಾಲೆ ಎನ್ನುವುದನ್ನು ತೆಲುಗಿನವರು ಪಚ್ಚಕಾಮೆರ್ಲು ಎನ್ನುತ್ತಾರೆ, ತಮಿಳರು ಮಂಜಳ್ ಕಾಮಾಲೈ ಎನ್ನುತ್ತಾರೆ. ಹೆಸರು ಬೇರೆಯಾದರೂ ಪಥ್ಯ ಮಾತ್ರ ಒಂದೇ.

ಕುಡಿತದಿಂದ ಯಕೃತ್ತು ಕೆಟ್ಟು ಬಂದ ಕಾಮಾಲೆಗೂ ಇದೇ ಪಥ್ಯ. ಇದಕ್ಕೆ ಕಾರಣವಿಲ್ಲದೆ ಇಲ್ಲ. ಮನೆಯ ಒಲೆ ಹೆಂಡತಿಯ ಕೈಯಲ್ಲಿದೆ; ಗಂಡನ ಕುಡಿತ ಅವಳ ಕೈಯಲ್ಲಿಲ್ಲ. ಆದ್ದರಿಂದ ತನ್ನ ಕೈಯಲ್ಲಿರುವುದನ್ನು ಅವಳು ನಿಲ್ಲಿಸುತ್ತಾಳೆ. ಈ ಸೀಮೆಯಲ್ಲಿ ಹಲವು ವರ್ಷ ವೈದ್ಯವೃತ್ತಿ ನಡೆಸಿದ ನಾನು, ರೋಗಿಯ ಮನೆಯವರ ಬಾಯಲ್ಲಿ ಅತಿ ಹೆಚ್ಚು ಬಾರಿ ಕೇಳಿದ ಪ್ರಶ್ನೆ ಔಷಧವನ್ನು ಕುರಿತದ್ದಲ್ಲ. “ಊಟಕ್ಕೆ ಏನು ಇಕ್ಕಲಿ ಸ್ವಾಮಿ?” ಎಂಬುದೇ ಆ ಪ್ರಶ್ನೆ. ಇದಕ್ಕೆ ವೈದ್ಯಶಾಸ್ತ್ರ ಕಾಲಕಾಲಕ್ಕೆ ಕೊಟ್ಟ ಉತ್ತರಗಳನ್ನು ಅವಲೋಕಿಸಿದರೆ, ಮದ್ಯಪಾನದಿಂದ ಬರುವ ಯಕೃತ್ತಿನ ರೋಗದ ಚಿಕಿತ್ಸೆಯ ಚರಿತ್ರೆಯೆಲ್ಲ ಅದರೊಳಗೆ ಅಡಕವಾಗಿದೆ ಎಂದು ನನಗೆ ತೋರುತ್ತದೆ.

ಮೊದಲು ರೋಗದ ಸ್ವರೂಪವನ್ನು ಸಂಕ್ಷೇಪವಾಗಿ ಹೇಳಬೇಕು. ಆಡುಮಾತಿನಲ್ಲಿ ಈಲಿ ಎಂದು ಕರೆಯುವ ಯಕೃತ್ತು ಬಲಪಕ್ಕೆಯ ಎಲುಬುಗಳ ಮರೆಯಲ್ಲಿರುವ ದೊಡ್ಡ ಅಂಗ. ಕುಡಿದ ಮದ್ಯವನ್ನು ಕರಗಿಸುವ ಹೊಣೆ ಬಹುಮಟ್ಟಿಗೆ ಅದರದೇ. ಅದರ ವೇಗಕ್ಕೆ ಒಂದು ಮಿತಿ ಇದೆ. ಗಂಟೆಗೆ ಸುಮಾರು 7–8 ಗ್ರಾಂ ಮದ್ಯಸಾರ. ಅಂಗಡಿಯಲ್ಲಿ ‘ಕ್ವಾರ್ಟರ್’ ಎಂದು ಮಾರುವ 180 ಮಿಲಿಲೀಟರಿನ ವಿಸ್ಕಿ ಅಥವಾ ಬ್ರಾಂದಿಯಲ್ಲಿ ಸುಮಾರು 60 ಗ್ರಾಂ ಮದ್ಯಸಾರವಿರುತ್ತದೆ. ಅಂದರೆ, ಸಂಜೆ ಒಂದು ಕ್ವಾರ್ಟರ್ ಕುಡಿದವನ ಯಕೃತ್ತು ರಾತ್ರಿಯೆಲ್ಲ ಅದೊಂದೇ ಕೆಲಸದಲ್ಲಿ ತೊಡಗಿರಬೇಕು. ಪ್ರತಿದಿನವೂ ಹೀಗಾದಾಗ ಮೊದಲು ಯಕೃತ್ತಿನಲ್ಲಿ ಕೊಬ್ಬು ತುಂಬುತ್ತದೆ. ಆ ಹಂತದಲ್ಲಿ ಕುಡಿತ ಬಿಟ್ಟರೆ ಕೆಲವು ವಾರಗಳಲ್ಲಿ ಅದು ಮೊದಲಿನಂತಾಗುತ್ತದೆ. ಮುಂದುವರಿಸಿದವರಲ್ಲಿ ಕೆಲವರಿಗೆ ಯಕೃತ್ತು ಉರಿಯೂತಕ್ಕೆ ಒಳಗಾಗಿ ಕಾಮಾಲೆ ಕಾಣಿಸಿಕೊಳ್ಳುತ್ತದೆ. ಇನ್ನು ಕೆಲವರಿಗೆ ಒಳಗೆಲ್ಲ ನಾರು ಬೆಳೆದು, ಅಂಗ ಗಂಟುಗಂಟಾಗಿ ಗಡುಸಾಗುತ್ತದೆ. ಇದೇ ಸಿರೋಸಿಸ್. ಕರುಳಿನಿಂದ ಯಕೃತ್ತಿಗೆ ಬರುವ ರಕ್ತ ಆ ಗಡುಸಾದ ಅಂಗದಲ್ಲಿ ಹಾಯಲಾರದೆ ಹಿಂದೆ ತಂಗುತ್ತದೆ. ಹೊಟ್ಟೆಯಲ್ಲಿ ನೀರು ತುಂಬುವುದು, ಅನ್ನನಾಳದ ಸಿರೆಗಳು ಉಬ್ಬಿ ಒಡೆದು ರಕ್ತವಾಂತಿಯಾಗುವುದು, ಬುದ್ಧಿ ಮಂಕಾಗುವುದು, ಇವೆಲ್ಲ ಆ ಮೇಲಿನ ಕಥೆ. ದುರದೃಷ್ಟವೆಂದರೆ, ಇಷ್ಟೆಲ್ಲ ಆಗುವವರೆಗೂ ಯಕೃತ್ತು ನೋವಿನ ಮೂಲಕ ಎಚ್ಚರಿಕೆ ಕೊಡುವುದು ಬಹಳ ಕಡಮೆ.

ನಮ್ಮ ಪ್ರಾಚೀನ ವೈದ್ಯರು ಇದನ್ನು ಎಷ್ಟರಮಟ್ಟಿಗೆ ತಿಳಿದಿದ್ದರು? ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಉದರರೋಗಗಳಿಗೆ ಒಂದು ಅಧ್ಯಾಯ, ಪಾಂಡು ಕಾಮಾಲೆಗಳಿಗೆ ಒಂದು, ಮದಾತ್ಯಯ ಎಂಬ ಅತಿಪಾನದ ರೋಗಕ್ಕೆ ಮತ್ತೊಂದು ಅಧ್ಯಾಯವಿದೆ. ಕುಡಿತ ಬಿಟ್ಟವನು ಮತ್ತೆ ಹಠಾತ್ತಾಗಿ ಅತಿಯಾಗಿ ಕುಡಿದಾಗ ಬರುವ ಧ್ವಂಸಕ, ವಿಕ್ಷಯ ಎಂಬ ವಿಕಾರಗಳನ್ನೂ ಅಲ್ಲಿ ಹೇಳಿದೆ. ಮದ್ಯವನ್ನು ಚರಕ ಪೂರ್ತಿಯಾಗಿ ನಿಷೇಧಿಸಲಿಲ್ಲ. ವಿಧಿಯರಿತು ಕುಡಿದರೆ ಅಮೃತ, ಇಲ್ಲವಾದರೆ ವಿಷ ಎಂಬುದು ಅವನ ನಿಲುವು. ನಮ್ಮ ನಾಡಿನ ಮಟ್ಟಿಗೆ ಹೇಳುವುದಾದರೆ, 9ನೆಯ ಶತಮಾನದ ಜೈನ ವೈದ್ಯ ಉಗ್ರಾದಿತ್ಯಾಚಾರ್ಯ ‘ಕಲ್ಯಾಣಕಾರಕ’ವೆಂಬ ಸಂಸ್ಕೃತ ವೈದ್ಯಗ್ರಂಥವನ್ನು ಮದ್ಯ, ಮಾಂಸ, ಮಧು ಮೂರನ್ನೂ ಹೊರಗಿಟ್ಟು ರಚಿಸಿದ. ರಾಷ್ಟ್ರಕೂಟರ ಕಾಲದ ಕರ್ನಾಟಕದಲ್ಲಿಯೇ ಮದ್ಯವಿಲ್ಲದ ಔಷಧಶಾಸ್ತ್ರವೊಂದು ಸಾಧ್ಯ ಎಂದು ಒಬ್ಬ ವೈದ್ಯ ಯೋಚಿಸಿದ್ದನೆಂಬುದು ಗಮನಾರ್ಹ.

ಹೊಟ್ಟೆಯ ನೀರನ್ನು ತೆಗೆಯುವ ಕ್ರಮವನ್ನು ಸುಶ್ರುತ ವಿವರಿಸಿರುವ ರೀತಿ ಇಂದಿಗೂ ಆಶ್ಚರ್ಯ ಹುಟ್ಟಿಸುತ್ತದೆ. ರೋಗಿಯನ್ನು ಆಪ್ತರು ಹಿಡಿದುಕೊಂಡಿರಬೇಕು. ಹೊಕ್ಕುಳ ಕೆಳಗೆ ಎಡಭಾಗದಲ್ಲಿ ವ್ರೀಹಿಮುಖವೆಂಬ ಶಸ್ತ್ರದಿಂದ ಚುಚ್ಚಬೇಕು. ತವರ ಮೊದಲಾದ ಲೋಹದ ಎರಡು ಬಾಯಿಯ ನಳಿಕೆಯನ್ನೋ ಹಕ್ಕಿಯ ಗರಿಯ ಕೊಳವೆಯನ್ನೋ ತೂರಿಸಿ ನೀರನ್ನು ಹೊರಬಿಡಬೇಕು. ಒಂದೇ ದಿನ ಎಲ್ಲ ನೀರನ್ನೂ ತೆಗೆಯಕೂಡದು, ತೆಗೆದರೆ ಬಾಯಾರಿಕೆ, ಜ್ವರ, ಉಸಿರುಕಟ್ಟು ಮೊದಲಾದ ಉಪದ್ರವಗಳು ಬರುತ್ತವೆ; ದಿನಗಳ ಅಂತರ ಕೊಟ್ಟು ಸ್ವಲ್ಪಸ್ವಲ್ಪವಾಗಿ ತೆಗೆದು, ಹೊಟ್ಟೆಯನ್ನು ಬಟ್ಟೆಯಿಂದಲೋ ಚರ್ಮದಿಂದಲೋ ಬಿಗಿಯಬೇಕು ಎಂಬುದು ಅವನ ಎಚ್ಚರಿಕೆ. ಈ ಎಚ್ಚರಿಕೆಗೆ ಆಧುನಿಕ ವಿವರಣೆಯನ್ನು ಮುಂದೆ ನೋಡೋಣ.

ಇಲ್ಲಿ ನಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ ಸಂಗತಿ ಇದು: ಜಲೋದರದ ನೀರು ತೆಗೆದ ಮೇಲೆ ಏನು ಊಟ? ಮೊದಲು ಉಪ್ಪೂ ಜಿಡ್ಡೂ ಇಲ್ಲದ ಗಂಜಿ ಎನ್ನುತ್ತಾನೆ ಚರಕ. ಆದರೆ ಅವನು ಅಲ್ಲಿಗೇ ನಿಲ್ಲುವುದಿಲ್ಲ. ಅನಂತರ ಆರು ತಿಂಗಳು ಹಾಲು, ಆಮೇಲೆ ಹಾಲು ಬೆರೆಸಿದ ಗಂಜಿ, ಬಳಿಕ ಹಗುರವಾದ ಅನ್ನ ಎಂದು ಒಂದು ವರ್ಷದ ಆಹಾರಕ್ರಮವನ್ನು ಹಾಕಿಕೊಡುತ್ತಾನೆ. ಸುಶ್ರುತನಾದರೋ ಹಾಲಿನ ಜೊತೆಗೆ ಕಾಡುಪ್ರಾಣಿಗಳ ಮಾಂಸರಸವನ್ನೂ ಹೇಳುತ್ತಾನೆ. ನಮ್ಮ ಹಳ್ಳಿಗಳ ಪಥ್ಯದಲ್ಲಿ ಈ ಏಣಿಯ ಮೊದಲ ಮೆಟ್ಟಿಲು ಮಾತ್ರ ಉಳಿದು, ಮೇಲಿನ ಮೆಟ್ಟಿಲುಗಳು ಮರೆತುಹೋದವೆಂದು ನನ್ನ ಭಾವನೆ. ಶಾಸ್ತ್ರದಲ್ಲಿ ರೋಗಿಯನ್ನು ಪುಷ್ಟಿಗೊಳಿಸುವ ವಿಧಾನವಾಗಿದ್ದ ಪಥ್ಯ, ರೂಢಿಯಲ್ಲಿ ಉಪವಾಸವಾಗಿ ಪರಿಣಮಿಸಿತು.

ಪಥ್ಯದೊಡನೆ ಎಲೆಯ ಔಷಧವೂ ಇದೆ. ನೆಲನೆಲ್ಲಿಯನ್ನು ತೆಲುಗಿನವರು ನೇಲ ಉಸಿರಿ ಎಂದೂ ತಮಿಳರು ಕೀಳಾನೆಲ್ಲಿ ಎಂದೂ ಕರೆಯುತ್ತಾರೆ. ಮಳೆ ಬಿದ್ದ ಮೇಲೆ ಹೊಲದ ಬದುವಿನಲ್ಲಿ ತಾನಾಗಿ ಬೆಳೆಯುವ ಈ ಪುಟ್ಟ ಗಿಡವನ್ನು ಅರೆದು, ಬೆಳಿಗ್ಗೆ ಬರಿಹೊಟ್ಟೆಗೆ ಮಜ್ಜಿಗೆಯಲ್ಲೋ ಹಾಲಿನಲ್ಲೋ ಕೊಡುತ್ತಾರೆ. ಇದಕ್ಕೆ ಬಂದ ಕೀರ್ತಿಯ ಮೂಲವನ್ನು ಊಹಿಸುವುದು ಕಷ್ಟವಲ್ಲ. ಕೆಟ್ಟ ನೀರಿನಿಂದ ಹರಡುವ ವೈರಸ್ ಕಾಮಾಲೆ ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಆಗ ಕುಡಿಸಿದ ಎಲೆಗೆ ಅದರ ಹೆಸರು ಬರುತ್ತದೆ. 1988ರಲ್ಲಿ ಮದರಾಸಿನ ಡಾ. ಎಸ್. ಪಿ. ತ್ಯಾಗರಾಜನ್ ಮತ್ತು ಅವರ ಸಹೋದ್ಯೋಗಿಗಳು ಬ್ರಿಟನ್ನಿನ ಪ್ರಸಿದ್ಧ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ, ಹೆಪಟೈಟಿಸ್ ಬಿ ವೈರಸ್ಸನ್ನು ಹೊತ್ತವರ ಮೇಲೆ ಈ ಗಿಡ ಪರಿಣಾಮಕಾರಿ ಎಂದು ಪ್ರಕಟಿಸಿದಾಗ ಜಗತ್ತೇ ಕಿವಿ ನಿಮಿರಿಸಿತು. ಬೇರೆ ಕಡೆಗಳಲ್ಲಿ ನಡೆದ ಪರೀಕ್ಷೆಗಳಲ್ಲಿ ಆ ಫಲ ಮರುಕಳಿಸಲಿಲ್ಲ. ಅದೇನೇ ಇರಲಿ, ಆ ಪ್ರಯೋಗ ವೈರಸ್ಸನ್ನು ಕುರಿತದ್ದು, ಕುಡಿತದ ಯಕೃತ್ತನ್ನು ಕುರಿತದ್ದಲ್ಲ. ಕುಡಿತದ ಕಾಮಾಲೆಗೆ ಎಲೆಯನ್ನು ಕುಡಿಸುತ್ತ ಕಳೆದ ತಿಂಗಳು, ರೋಗಿ ಸರಿಯಾದ ಆರೈಕೆಯಿಲ್ಲದೆ ಕಳೆದ ತಿಂಗಳಾಗುತ್ತದೆ.

ಕೋಲಾರ ಸೀಮೆಗೂ ಮದ್ಯಕ್ಕೂ ಇರುವ ಸಂಬಂಧ ಹಳೆಯದು. ಈಚಲ ವನಗಳ ಹೆಂಡ ಮೊದಲು; ಗುತ್ತಿಗೆದಾರರ ಮೂಲಕ ಬಂದ ಸಾರಾಯಿ ಅನಂತರ. ಚಿನ್ನದ ಗಣಿಯ ಕೂಲಿ, ಮಾಲೂರಿನ ಹೆಂಚು ಇಟ್ಟಿಗೆಗಳ ಭಟ್ಟಿಯ ಕೂಲಿ, ಶ್ರೀನಿವಾಸಪುರದ ಮಾವಿನ ತೋಪುಗಳ ಕೂಲಿ, ಎಲ್ಲದರಿಂದಲೂ ಒಂದು ಪಾಲು ಸಂಜೆಯ ಹೊತ್ತಿಗೆ ಅಂಗಡಿಗೆ ಸೇರುತ್ತಿತ್ತು. ಅಲ್ಲಿಂದ ಒಂದು ಪಾಲು ಸರ್ಕಾರದ ಬೊಕ್ಕಸಕ್ಕೆ. ಸಾಹಿತ್ಯಾಸಕ್ತರಿಗೆ ಕುತೂಹಲವೆನಿಸಬಹುದಾದ ಸಂಗತಿಯೊಂದಿದೆ. ಮಾಲೂರು ತಾಲ್ಲೂಕಿನ ಹೊಂಗೇನಹಳ್ಳಿಯಲ್ಲಿ ಹುಟ್ಟಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಮೈಸೂರು ಸರ್ಕಾರದ ಸೇವೆಯಲ್ಲಿ ಅಬಕಾರಿ ಕಮಿಷನರರ ಹುದ್ದೆಯವರೆಗೆ ಏರಿ, 1943ರಲ್ಲಿ ರಾಜೀನಾಮೆ ಕೊಟ್ಟರು. ಮದ್ಯದ ವರಮಾನವೆಂಬುದು ಆಡಳಿತದ ಎಷ್ಟು ಸಹಜವಾದ ಅಂಗವಾಗಿತ್ತೆಂಬುದಕ್ಕೆ, ಅದರ ಲೆಕ್ಕವನ್ನು ನೋಡಿಕೊಳ್ಳುವ ಹೊಣೆ ಅಂಥ ಸಾತ್ವಿಕರ ಪಾಲಿಗೂ ಬಂದದ್ದೇ ಸಾಕ್ಷಿ.

ಗಡಿಯ ಜಿಲ್ಲೆಯಾದ್ದರಿಂದ ಈ ಸೀಮೆ ಪಾನನಿರೋಧದ ಏರಿಳಿತಗಳನ್ನು ಹತ್ತಿರದಿಂದ ಕಂಡಿದೆ. 1937ರ ಅಕ್ಟೋಬರಿನಲ್ಲಿ ರಾಜಾಜಿಯವರ ಮಂತ್ರಿಮಂಡಲ ಮದರಾಸು ಪ್ರಾಂತ್ಯದ ಸೇಲಂ ಜಿಲ್ಲೆಯಲ್ಲಿ ಪಾನನಿರೋಧವನ್ನು ಜಾರಿಗೆ ತಂದಿತು. ಹೊಸೂರು, ಕೃಷ್ಣಗಿರಿಗಳು ಆಗ ಸೇಲಂಗೆ ಸೇರಿದ್ದವು. 1938ರಲ್ಲಿ ಚಿತ್ತೂರು ಜಿಲ್ಲೆಯ ಸರದಿ. ಹೀಗೆ ಮಾಲೂರಿನ ದಕ್ಷಿಣಕ್ಕೂ ಮುಳಬಾಗಿಲು, ಶ್ರೀನಿವಾಸಪುರಗಳ ಪೂರ್ವಕ್ಕೂ ಗಡಿಯ ಆಚೆ ನಿಷೇಧ, ಈಚೆ ಅಂಗಡಿ ಎಂಬ ಸ್ಥಿತಿ ಏರ್ಪಟ್ಟಿತು. ಸ್ವಾತಂತ್ರ್ಯಾನಂತರ ಮೈಸೂರಿನ ಕೆಲವು ಭಾಗಗಳಲ್ಲಿ ಜಾರಿಯಾಗಿದ್ದ ಪಾನನಿರೋಧವನ್ನು 1967ರಲ್ಲಿ ಹಿಂತೆಗೆದುಕೊಳ್ಳಲಾಯಿತು. ನೆಲ್ಲೂರು ಜಿಲ್ಲೆಯ ದೂಬಗುಂಟದ ಹೆಂಗಸರು 1992ರಲ್ಲಿ ಸಾರಾಯಿ ಅಂಗಡಿಯ ವಿರುದ್ಧ ಎದ್ದು ನಿಂತ ಚಳವಳಿ ಬೆಳೆದು, 1995ರಲ್ಲಿ ಆಂಧ್ರದಲ್ಲಿ ಸಂಪೂರ್ಣ ಪಾನನಿರೋಧ ಬಂದಿತು. 1997ರಲ್ಲಿ ಅದು ಸಡಿಲವಾಯಿತು. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ಮಾರಾಟ ನಿಂತಿತು. ಪಾಕೀಟಿನ ಸಾರಾಯಿ ಹೋದ ಜಾಗಕ್ಕೆ ಅಗ್ಗದ ವಿಸ್ಕಿ, ಬ್ರಾಂದಿ ಬಂದವು.

ಯಕೃತ್ತಿನ ಮೇಲೆ ಇಂಥ ಶಾಸನಗಳಿಗೆ ಪರಿಣಾಮವಿಲ್ಲವೆಂದು ಹೇಳುವಂತಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪ್ಯಾರಿಸ್ ನಗರದಲ್ಲಿ ವೈನಿಗೆ ಪಡಿತರ ಬಂದಾಗ, ಸಿರೋಸಿಸ್ಸಿನ ಸಾವುಗಳು ಕೆಲವೇ ವರ್ಷಗಳಲ್ಲಿ ತೀವ್ರವಾಗಿ ಇಳಿದು, ಯುದ್ಧಾನಂತರ ವೈನು ಮರಳಿದಾಗ ಮತ್ತೆ ಏರಿದವು. ಆದರೆ ನಿಷೇಧಕ್ಕೆ ಇನ್ನೊಂದು ಮುಖವೂ ಇದೆ. 1981ರಲ್ಲಿ ಬೆಂಗಳೂರಿನಲ್ಲಿ ಮುನ್ನೂರಕ್ಕೂ ಹೆಚ್ಚು ಮಂದಿ, 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಮತ್ತು ತಮಿಳುನಾಡಿನ ಗಡಿಯ ಊರುಗಳಲ್ಲಿ ನೂರಕ್ಕೂ ಹೆಚ್ಚು ಮಂದಿ ಕಳ್ಳಭಟ್ಟಿಗೆ ಬಲಿಯಾದರು. ಅಲ್ಲಿ ಕೊಂದದ್ದು ಮಿಥೈಲ್ ಮದ್ಯಸಾರ. ಅದು ಕಣ್ಣನ್ನೂ ಪ್ರಾಣವನ್ನೂ ಕೆಲವು ದಿನಗಳಲ್ಲಿ ಕಸಿಯುವ ವಿಷ. ನಾವು ಇಲ್ಲಿ ಮಾತನಾಡುತ್ತಿರುವುದು ಪರವಾನಗಿಯ ಅಂಗಡಿಯಲ್ಲಿ ಹಣ ಕೊಟ್ಟು ಕೊಂಡ, ಕಲಬೆರಕೆಯಿಲ್ಲದ ಮದ್ಯ ವರ್ಷಗಟ್ಟಲೆ ನಡೆಸುವ ಕೆಲಸವನ್ನು ಕುರಿತು. ಅದರ ಸಾವುಗಳು ಒಂದೊಂದಾಗಿ ನಡೆಯುವುದರಿಂದ ಪತ್ರಿಕೆಗಳಲ್ಲಿ ಬರುವುದಿಲ್ಲ.

ಪಾಶ್ಚಾತ್ಯ ವೈದ್ಯದಲ್ಲಿ ಈ ಅರಿವು ಹೇಗೆ ಬೆಳೆಯಿತೆಂದು ಈಗ ನೋಡೋಣ. ಲಂಡನ್ನಿನ ಮ್ಯಾಥ್ಯೂ ಬೈಲಿ 1793ರಲ್ಲಿ ಗಂಟುಗಟ್ಟಿದ ಯಕೃತ್ತಿಗೂ ಅತಿ ಕುಡಿತಕ್ಕೂ ಇರುವ ನಂಟನ್ನು ಗುರುತಿಸಿದ. ಸ್ಟೆಥಾಸ್ಕೋಪನ್ನು ಕಂಡುಹಿಡಿದ ಫ್ರಾನ್ಸಿನ ಲಾನೆಕ್, 1819ರಲ್ಲಿ ಎದೆಯ ರೋಗಗಳನ್ನು ಕುರಿತ ತನ್ನ ಗ್ರಂಥದ ಒಂದು ಅಡಿಟಿಪ್ಪಣಿಯಲ್ಲಿ ಈ ರೋಗಕ್ಕೆ ಸಿರೋಸಿಸ್ ಎಂದು ಹೆಸರಿಟ್ಟ. ಕಂದುಹಳದಿ ಬಣ್ಣವನ್ನು ಸೂಚಿಸುವ ಗ್ರೀಕ್ ಪದವೇ ಅದರ ಮೂಲ. ಹೆಸರು ಬಂದ ಮೇಲೂ ಶತಮಾನಕ್ಕಿಂತ ಹೆಚ್ಚು ಕಾಲ ಚಿಕಿತ್ಸೆ ಬರಲಿಲ್ಲ. ನೀರು ತೆಗೆಯುವುದು, ಪಾದರಸದ ಮೂತ್ರಲಗಳನ್ನು ಕೊಡುವುದು, ಕಾಯುವುದು ಇಷ್ಟೇ.

1941ರಲ್ಲಿ ನ್ಯೂಯಾರ್ಕಿನ ಆರ್ಥರ್ ಪಾಟೆಕ್ ಮತ್ತು ಅವನ ಸಹೋದ್ಯೋಗಿ ಪೋಸ್ಟ್ ಸಿರೋಸಿಸ್ ರೋಗಿಗಳಿಗೆ ಒಂದು ಹೊಸ ಔಷಧವನ್ನು ಕೊಟ್ಟರು. ಅದು ಊಟ. ಹಾಲು, ಮೊಟ್ಟೆ, ಮಾಂಸ, ಹಣ್ಣು, ಬಿ ಜೀವಸತ್ವಗಳಿಂದ ತುಂಬಿದ ಊಟವನ್ನು ತಿಂಗಳುಗಟ್ಟಲೆ ಉಣ್ಣಿಸಿದಾಗ, ಸಾಯುವರೆಂದು ಕೈಬಿಟ್ಟಿದ್ದವರಲ್ಲಿ ಹಲವರು ಎದ್ದು ಓಡಾಡಿದರು. ಹೊಟ್ಟೆಯ ನೀರು ಇಳಿಯಿತು, ಕಾಮಾಲೆ ಇಳಿಯಿತು. ಚರಕನ ಹಾಲಿನ ಆರು ತಿಂಗಳು ಇಲ್ಲಿ ನೆನಪಿಗೆ ಬಾರದಿರದು.

ಆದರೆ ಒಳ್ಳೆಯ ಪ್ರಯೋಗದಿಂದ ತಪ್ಪು ತೀರ್ಮಾನ ಹೊರಡಬಹುದು. ಊಟದಿಂದ ರೋಗಿ ಗುಣವಾಗುವುದಾದರೆ, ಊಟವಿಲ್ಲದ್ದೇ ರೋಗಕ್ಕೆ ಕಾರಣ, ಮದ್ಯ ನಿರಪರಾಧಿ ಎಂದು ವಿದ್ವಾಂಸರೇ ಹೇಳತೊಡಗಿದರು. ಇನ್ಸುಲಿನ್ ಸಂಶೋಧನೆಯಿಂದ ಖ್ಯಾತನಾದ ಚಾರ್ಲ್ಸ್ ಬೆಸ್ಟ್ 1949ರಲ್ಲಿ, ಇಲಿಗಳ ಮೇಲಿನ ಪ್ರಯೋಗದ ಆಧಾರದಿಂದ, ಯಕೃತ್ತಿಗೆ ಮದ್ಯಸಾರ ಸಕ್ಕರೆಗಿಂತ ಹೆಚ್ಚಿನ ವಿಷವಲ್ಲವೆಂಬ ಅಭಿಪ್ರಾಯಕ್ಕೆ ಬಂದ. ಇದನ್ನು ಅಲ್ಲಗಳೆದವನು ನ್ಯೂಯಾರ್ಕಿನ ಚಾರ್ಲ್ಸ್ ಲೀಬರ್. 1960ರ ದಶಕದಲ್ಲಿ ಸ್ವಯಂಸೇವಕರ ಮೇಲೆ, 1970ರ ದಶಕದಲ್ಲಿ ಬಬೂನ್ ಕೋತಿಗಳ ಮೇಲೆ ನಡೆಸಿದ ಪ್ರಯೋಗಗಳಿಂದ, ಪೌಷ್ಟಿಕವಾದ ಆಹಾರದ ಜೊತೆಗೆ ಕೊಟ್ಟರೂ ಮದ್ಯ ಯಕೃತ್ತನ್ನು ಕೆಡಿಸುತ್ತದೆಂದು ಅವನು ತೋರಿಸಿದ. ನಮ್ಮ ಕಡೆ “ಚೆನ್ನಾಗಿ ತಿಂದು ಕುಡಿದರೆ ಏನೂ ಆಗದು” ಎಂದು ಹೇಳುವವರಿಗೆ ಕೊರತೆಯಿಲ್ಲ. ಬಾಡಿನ ಊಟದೊಡನೆ ಕುಡಿದವನಿಗೆ ಯಕೃತ್ತು ಭದ್ರ ಎಂಬ ಈ ನಂಬಿಕೆಗೆ ಲೀಬರನ ಕೋತಿಗಳೇ ಉತ್ತರ.

ಪಾಟೆಕ್ ಮತ್ತು ಲೀಬರ್ ಇಬ್ಬರ ಮಾತನ್ನೂ ಒಟ್ಟಿಗೆ ಹಿಡಿದರೆ ಸತ್ಯ ಪೂರ್ತಿಯಾಗುತ್ತದೆ. ಕುಡಿಯುವವನನ್ನು ಊಟ ಕಾಪಾಡಲಾರದು. ಕುಡಿತ ಬಿಟ್ಟವನಿಗೆ ಉಪವಾಸದಿಂದ ಗುಣವಾಗದು.

ವೈದ್ಯರೂ ಈ ಪಾಠವನ್ನು ಸುಲಭವಾಗಿ ಕಲಿಯಲಿಲ್ಲ. ಕೆಟ್ಟ ಯಕೃತ್ತು ಕರುಳಿನ ಅಮೋನಿಯವನ್ನು ಶುದ್ಧಮಾಡಲಾರದೆ ಅದು ಮಿದುಳಿಗೆ ಏರುತ್ತದೆಂದು 1950ರ ದಶಕದಲ್ಲಿ ತಿಳಿದಾಗ, ಬುದ್ಧಿ ಮಂಕಾದ ರೋಗಿಗಳಿಗೆ ಬೇಳೆ, ಮೊಟ್ಟೆ, ಹಾಲುಗಳನ್ನು ಆಸ್ಪತ್ರೆಗಳೇ ನಿಲ್ಲಿಸಿದವು. ಈ ಪದ್ಧತಿ ಅರ್ಧ ಶತಮಾನ ನಡೆಯಿತು. 2004ರಲ್ಲಿ ಬಾರ್ಸಿಲೋನಾದ ವೈದ್ಯರು ಎರಡು ಗುಂಪುಗಳನ್ನು ಹೋಲಿಸಿ, ಮಾಂಸಜನಕವನ್ನು ನಿಲ್ಲಿಸಿದ್ದರಿಂದ ಮಿದುಳಿಗೆ ಯಾವ ಲಾಭವೂ ಆಗಲಿಲ್ಲವೆಂದು ತೋರಿಸಿದರು. ತೋಳುತೊಡೆಗಳ ಮಾಂಸಖಂಡವೂ ಅಮೋನಿಯವನ್ನು ಕರಗಿಸುವುದರಲ್ಲಿ ಪಾಲುಗೊಳ್ಳುತ್ತದೆ. ರೋಗಿಯನ್ನು ಸೊರಗಿಸಿದರೆ ಆ ನೆರವೂ ಹೋಗುತ್ತದೆ. ಆದ್ದರಿಂದ ಹಳ್ಳಿಯ ಅಡುಗೆಮನೆಯ ಪಥ್ಯವನ್ನು ನೋಡಿ ನಗುವ ಅಧಿಕಾರ ನಮ್ಮ ವೃತ್ತಿಯವರಿಗೆ ಇಲ್ಲ.

ಇತರ ಉಪದ್ರವಗಳಿಗೆ ಕಳೆದ ಎಪ್ಪತ್ತು ವರ್ಷಗಳಲ್ಲಿ ಬಂದ ಚಿಕಿತ್ಸೆಗಳು ನಿಜಕ್ಕೂ ದೊಡ್ಡ ಲಾಭ. 1950ರ ದಶಕದ ಕೊನೆಗೆ ಸ್ಪೈರೊನೊಲ್ಯಾಕ್ಟೋನ್ ಎಂಬ ಗುಳಿಗೆ ಬಂದು, ಹೊಟ್ಟೆಯ ನೀರನ್ನು ಮೂತ್ರದ ಮೂಲಕ ಇಳಿಸುವುದು ಸಾಧ್ಯವಾಯಿತು. 1966ರಲ್ಲಿ ಸ್ವಿಟ್ಜರ್ಲೆಂಡಿನ ಬಿರ್ಷರ್, ಲ್ಯಾಕ್ಟುಲೋಸ್ ಎಂಬ ಸಿಹಿಯಾದ ಪಾಕದಿಂದ ಮಂಕಾದ ಬುದ್ಧಿಯನ್ನು ತಿಳಿಗೊಳಿಸಿದ. ರಕ್ತದ ಒತ್ತಡಕ್ಕೆ ಕೊಡುತ್ತಿದ್ದ ಪ್ರೊಪ್ರನೊಲಾಲ್ ಎಂಬ ಅಗ್ಗದ ಗುಳಿಗೆ ಅನ್ನನಾಳದ ಸಿರೆಗಳ ರಕ್ತಸ್ರಾವವನ್ನೂ ತಡೆಯುತ್ತದೆಂದು 1980ರ ಸುಮಾರಿಗೆ ಪ್ಯಾರಿಸ್ಸಿನ ಲೆಬ್ರೆಕ್ ತೋರಿಸಿದ. 1980ರ ದಶಕದಲ್ಲಿಯೇ ಅಮೆರಿಕದಲ್ಲಿ ಆ ಸಿರೆಗಳಿಗೆ ಎಂಡೋಸ್ಕೋಪಿನ ಮೂಲಕ ರಬ್ಬರಿನ ಉಂಗುರ ತೊಡಿಸುವ ವಿಧಾನ ಬಂದಿತು. ಹೊಟ್ಟೆಯಿಂದ ಹೆಚ್ಚು ನೀರನ್ನು ಒಮ್ಮೆಗೇ ತೆಗೆದರೆ ರಕ್ತನಾಳಗಳಲ್ಲಿ ದ್ರವ ಕಡಮೆಯಾಗಿ ಮೂತ್ರಪಿಂಡ ಸೋಲುತ್ತದೆ. ಆಗ ಆಲ್ಬುಮಿನ್ ಎಂಬ ರಕ್ತದ ಅಂಶವನ್ನು ಸಿರೆಗೆ ಕೊಟ್ಟರೆ ಅಪಾಯ ತಪ್ಪುತ್ತದೆ ಎಂಬುದನ್ನೂ ಅದೇ ದಶಕದಲ್ಲಿ ಬಾರ್ಸಿಲೋನಾದವರು ಸ್ಥಾಪಿಸಿದರು. ಒಂದೇ ದಿನ ಎಲ್ಲವನ್ನೂ ತೆಗೆಯಬೇಡವೆಂದ ಸುಶ್ರುತನ ಎಚ್ಚರಿಕೆ ಇಲ್ಲಿಗೆ ಬಂದು ಮುಟ್ಟಿತು.

ಈ ಚಿಕಿತ್ಸೆಗಳಲ್ಲಿ ಹಲವು ಇಂದು ಕೋಲಾರದಲ್ಲಿಯೇ ದೊರೆಯುತ್ತವೆ. ಮೆಥಡಿಸ್ಟ್ ಮಿಷನ್ನಿನವರು ಶತಮಾನಕ್ಕೂ ಹಿಂದೆ ಸ್ಥಾಪಿಸಿದ, ಜನ ಇ.ಟಿ.ಸಿ.ಎಂ. ಎಂದೇ ಕರೆಯುವ ಆಸ್ಪತ್ರೆ, ಶ್ರೀ ನರಸಿಂಹರಾಜ ಜಿಲ್ಲಾ ಆಸ್ಪತ್ರೆ, 1986ರಲ್ಲಿ ಟಮಕದಲ್ಲಿ ಆರಂಭವಾದ ಶ್ರೀ ದೇವರಾಜ ಅರಸು ವೈದ್ಯಕೀಯ ಕಾಲೇಜು, ಇವು ಸುತ್ತಲಿನ ಹಳ್ಳಿಗಳ ಆಶ್ರಯಗಳು. ಹಿಂದೆ ರಕ್ತವಾಂತಿಯಾದವನನ್ನು ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಗೆ ಸಾಗಿಸುವುದರಲ್ಲಿ ದಾರಿಯೇ ಮೃತ್ಯುವಾಗಬಹುದಿತ್ತು.

ಹೀಗಿದ್ದರೂ ಉಪದ್ರವಗಳಿಗೆ ಮದ್ದು ದೊರೆತಷ್ಟು ಸುಲಭವಾಗಿ ಮೂಲರೋಗಕ್ಕೆ ಮದ್ದು ದೊರೆತಿಲ್ಲ. ಕುಡಿತದ ತೀವ್ರವಾದ ಯಕೃತ್ತಿನ ಉರಿಯೂತಕ್ಕೆ 1970ರ ದಶಕದಿಂದ ಸ್ಟೀರಾಯ್ಡ್ ಕೊಡುವ ಪದ್ಧತಿಯಿದೆ. ಬ್ರಿಟನ್ನಿನಲ್ಲಿ ಸುಮಾರು 1100 ರೋಗಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ, ಅದರಿಂದ ಮೊದಲ ತಿಂಗಳಲ್ಲಿ ಅಲ್ಪ ಲಾಭದ ಸೂಚನೆ ಕಂಡಿತೇ ಹೊರತು, ಅನಂತರ ಆ ಲಾಭ ಉಳಿಯಲಿಲ್ಲ. ಯಕೃತ್ತನ್ನೇ ಬದಲಾಯಿಸುವ ಶಸ್ತ್ರಚಿಕಿತ್ಸೆಯನ್ನು 1963ರಲ್ಲಿ ಅಮೆರಿಕದ ಸ್ಟಾರ್ಜ್ಲ್ ಆರಂಭಿಸಿದ. ಭಾರತದಲ್ಲಿ 1998ರಲ್ಲಿ ಅದು ಮೊದಲ ಬಾರಿಗೆ ಯಶಸ್ವಿಯಾಯಿತು. ಅದಕ್ಕೆ ದಾನಿ ಬೇಕು, ಅಪಾರವಾದ ಹಣ ಬೇಕು, ಕುಡಿತವನ್ನು ಬಿಡುವ ಭರವಸೆ ಬೇಕು. ಹೇಗೆ ಸುತ್ತಿದರೂ ಎಲ್ಲ ದಾರಿಗಳೂ ಕುಡಿತ ಬಿಡುವ ಒಂದೇ ಬಾಗಿಲಿಗೆ ಬಂದು ನಿಲ್ಲುತ್ತವೆ. ಸಿರೋಸಿಸ್ ಆದ ಮೇಲೂ ಕುಡಿತ ಬಿಟ್ಟವರು, ಬಿಡದವರಿಗಿಂತ ಹೆಚ್ಚು ಕಾಲ ಬದುಕುತ್ತಾರೆಂಬುದು ಎಲ್ಲ ದೇಶಗಳ ವೈದ್ಯರ ಅನುಭವ.

“ಬಿಡು” ಎಂದು ಚೀಟಿಯಲ್ಲಿ ಬರೆಯುವುದು ಸುಲಭ. ಬಿಡುವುದರಲ್ಲಿಯೂ ಅಪಾಯವಿದೆ. ವರ್ಷಗಟ್ಟಲೆ ಕುಡಿದವನು ಒಮ್ಮೆಗೇ ನಿಲ್ಲಿಸಿದಾಗ ಎರಡು ಮೂರು ದಿನಗಳಲ್ಲಿ ಕೈ ನಡುಕ, ಸೆಳವು, ಇಲ್ಲದ್ದನ್ನು ಕಾಣುವ ಭ್ರಮೆಗಳು ಬರಬಹುದು. 1813ರಲ್ಲಿ ಇಂಗ್ಲೆಂಡಿನ ಥಾಮಸ್ ಸಟ್ಟನ್ ಇದನ್ನು ಪ್ರತ್ಯೇಕ ರೋಗವೆಂದು ಹೆಸರಿಸಿದ. ನಮ್ಮಲ್ಲಿ ಇದನ್ನು ಗಾಳಿ ಸೋಂಕೆಂದು ಭಾವಿಸಿ ಯಂತ್ರ ಕಟ್ಟಿಸುವವರುಂಟು. “ಬಿಟ್ಟದ್ದಕ್ಕೇ ಹೀಗಾಯಿತು” ಎಂದು ಮತ್ತೆ ಕುಡಿಸುವವರೂ ಉಂಟು. 1960ರಿಂದೀಚೆಗೆ ಬಂದ ಶಾಮಕ ಗುಳಿಗೆಗಳಿಂದ ಈ ಕೆಲವು ದಿನಗಳನ್ನು ಸುರಕ್ಷಿತವಾಗಿ ದಾಟಿಸಬಹುದು. ಯಕೃತ್ತು ಕೆಟ್ಟವನಿಗೆ ಅವುಗಳ ಆಯ್ಕೆ, ಪ್ರಮಾಣಗಳೆರಡನ್ನೂ ವೈದ್ಯರೇ ನಿರ್ಧರಿಸಬೇಕು. ಜೊತೆಗೆ ಥಯಮಿನ್ ಎಂಬ ಬಿ ಜೀವಸತ್ವವನ್ನು ಕೊಡಬೇಕು. ಅದಿಲ್ಲದೆ ಬರಿಯ ಗ್ಲೂಕೋಸ್ ಏರಿಸಿದರೆ ಮಿದುಳಿಗೆ ಹಾನಿಯಾಗುವ ಸಂಭವವಿದೆ. ಕುಡಿದರೆ ಸಂಕಟವಾಗುವಂತೆ ಮಾಡುವ ಡೈಸಲ್ಫಿರಾಮ್ ಗುಳಿಗೆಯನ್ನು 1948ರಲ್ಲಿ ಡೆನ್ಮಾರ್ಕಿನ ಹಾಲ್ಡ್ ಮತ್ತು ಯಾಕೊಬ್ಸೆನ್ ಬಳಕೆಗೆ ತಂದರು. ಗಂಡನಿಗೆ ತಿಳಿಯದಂತೆ ಅದನ್ನು ಸಾರಿನಲ್ಲಿ ಬೆರೆಸಿ ಕೊಡುವುದು ಪ್ರಾಣಾಪಾಯದ ಕೆಲಸ. ಯಕೃತ್ತು ಆಗಲೇ ಕೆಟ್ಟವನಿಗೆ ಅದು ಯೋಗ್ಯವೂ ಅಲ್ಲ.

ಇದರ ಮುಂದಿನ ದಾರಿ ದೀರ್ಘವಾದದ್ದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ವಿಭಾಗವೇ ಇದೆ. 1935ರಲ್ಲಿ ಅಮೆರಿಕದಲ್ಲಿ ಹುಟ್ಟಿದ ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಎಂಬ ಕೂಟ, ಕುಡಿತ ಬಿಟ್ಟವರೇ ಒಬ್ಬರಿಗೊಬ್ಬರು ಆಸರೆಯಾಗುವ ಕ್ರಮವನ್ನು 1957ರಲ್ಲಿ ಭಾರತಕ್ಕೂ ತಂದಿತು. ಧರ್ಮಸ್ಥಳದ ಆಶ್ರಯದ ಜನಜಾಗೃತಿ ವೇದಿಕೆಯವರು ನಾಡಿನ ಹಲವು ಕಡೆ ನಡೆಸುವ ಮದ್ಯವರ್ಜನ ಶಿಬಿರಗಳಲ್ಲಿ ಊರಿನವರೇ ಸೇರಿ ವ್ಯಸನಿಗಳ ಆರೈಕೆ ಮಾಡುತ್ತಾರೆ. ಶಿಬಿರವಾದರೂ ಆಸ್ಪತ್ರೆಯಾದರೂ, ಕಣ್ಣು ಹಳದಿಯಾದವನನ್ನೂ ಹೊಟ್ಟೆ ಊದಿದವನನ್ನೂ ಮೊದಲು ವೈದ್ಯರು ಪರೀಕ್ಷಿಸಬೇಕೆಂಬುದಷ್ಟೇ ನನ್ನ ಸೂಚನೆ. ಒಮ್ಮೆ ಬಿಟ್ಟು ಮತ್ತೆ ಕುಡಿದವನನ್ನು ಮನೆಯವರೂ ವೈದ್ಯರೂ ತಳ್ಳಿಬಿಡಬಾರದು. ಮರುಕಳಿಸುವುದು ಈ ರೋಗದ ಲಕ್ಷಣ. ಎರಡನೆಯ ಸಲವೋ ಮೂರನೆಯ ಸಲವೋ ಬಿಟ್ಟು ಉಳಿದವರನ್ನು ನಾನು ಬಲ್ಲೆ.

ಈಗ ಆ ಮೊದಲ ಪ್ರಶ್ನೆಗೆ, ಊಟಕ್ಕೆ ಏನು ಇಕ್ಕಬೇಕೆಂಬುದಕ್ಕೆ, ಉತ್ತರ ಹೇಳಬಹುದು. ಇಂಥ ರೋಗಿಗೆ ದೇಹದ ತೂಕದ ಕಿಲೋ ಒಂದಕ್ಕೆ ದಿನಕ್ಕೆ 1.2ರಿಂದ 1.5 ಗ್ರಾಂ ಮಾಂಸಜನಕ ಬೇಕೆಂದು ಇಂದಿನ ವೈದ್ಯರ ಮತ. 50 ಕಿಲೋ ತೂಕದವನಿಗೆ 60ರಿಂದ 75 ಗ್ರಾಂ. ಹಾಲು, ರೇಷ್ಮೆ, ಚಿನ್ನ ಎಂದು ಹೆಸರಾದ ಜಿಲ್ಲೆ ಇದು. ಚಿನ್ನದ ಗಣಿ 2001ರಲ್ಲಿ ಮುಚ್ಚಿದರೂ ಹಾಲು ಉಳಿದಿದೆ. ಅರ್ಧ ಲೀಟರ್ ಹಾಲು, ಎರಡು ಮೊಟ್ಟೆ, 300 ಗ್ರಾಂ ರಾಗಿಯ ಮುದ್ದೆ, 100 ಗ್ರಾಂ ಅವರೆಯೋ ಹುರುಳಿಯೋ ತೊಗರಿಯೋ ಇದ್ದರೆ ದಿನಕ್ಕೆ ಬೇಕಾದುದು ಸೇರಿತು. ಇದಕ್ಕೆ ಪೇಟೆಯ ಡಬ್ಬಿ ಪುಡಿ ಬೇಕಿಲ್ಲ. ಒಮ್ಮೆಗೇ ಉಣ್ಣಲಾರದವನಿಗೆ ಸ್ವಲ್ಪಸ್ವಲ್ಪವಾಗಿ ಐದಾರು ಸಲ ಕೊಡಬೇಕು. ಕೆಟ್ಟ ಯಕೃತ್ತಿನಲ್ಲಿ ಶಕ್ತಿಯ ದಾಸ್ತಾನು ಇರುವುದಿಲ್ಲವಾದ್ದರಿಂದ ಇರುಳಿನ ಉಪವಾಸ ಅದಕ್ಕೆ ಎರಡು ಮೂರು ದಿನಗಳ ಉಪವಾಸಕ್ಕೆ ಸಮ. ಮಲಗುವ ಮುಂಚೆ ರಾಗಿ ಅಂಬಲಿಯೋ ಹಾಲು ಬಾಳೆಹಣ್ಣೋ ಅಗತ್ಯ. ಜಿಡ್ಡನ್ನು ಪೂರ್ತಿ ನಿಲ್ಲಿಸಬೇಕಾಗಿಲ್ಲ. ಹೊಟ್ಟೆಯಲ್ಲಿ ನೀರು ತುಂಬಿದವನಿಗೆ ಉಪ್ಪು ಮಾತ್ರ ಕಡಮೆಯಾಗಬೇಕು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಬೇಡ. ಈ ಒಂದು ವಿಷಯದಲ್ಲಿ ಚರಕನೂ ಹಳ್ಳಿಯ ಗೃಹಿಣಿಯೂ ಇಂದಿನ ವೈದ್ಯನೂ ಒಂದೇ ಮಾತಿನವರು.

ಒಲೆಯ ಮುಂದೆ ಕುಳಿತ ಹೆಣ್ಣುಮಗಳು ತನ್ನ ಕೈಯಲ್ಲಿರುವುದನ್ನು ಮಾಡಿದ್ದಾಳೆ, ಮಾಡುತ್ತಿದ್ದಾಳೆ. ಅವಳ ಕೈಯಲ್ಲಿರುವುದು ಉಣ್ಣಿಸುವುದು. ಅದನ್ನು ಅವಳು ಧೈರ್ಯವಾಗಿ ಮಾಡಲಿ. ಕುಡಿತವನ್ನು ಬಿಡಿಸುವ ಹೊರೆಯನ್ನು ಅವಳೊಬ್ಬಳ ತಲೆಯ ಮೇಲೆ ಹೊರಿಸದೆ, ವೈದ್ಯರು, ಊರಿನವರು, ಅಬಕಾರಿಯ ಲೆಕ್ಕ ಇಡುವ ಸರ್ಕಾರ ಎಲ್ಲರೂ ಹಂಚಿಕೊಳ್ಳಬೇಕು. ಯಕೃತ್ತು ತನ್ನಷ್ಟಕ್ಕೆ ತಾನೇ ಮತ್ತೆ ಬೆಳೆಯುವ ಶಕ್ತಿಯುಳ್ಳ ಅಪರೂಪದ ಅಂಗ. ಕುಡಿತ ನಿಂತು ಊಟ ದೊರೆತರೆ, ಕಾಲ ಮೀರುವ ಮುನ್ನ ಬಂದ ಎಷ್ಟೋ ಮಂದಿಯಲ್ಲಿ ಅದು ಚೇತರಿಸಿಕೊಳ್ಳುತ್ತದೆ.

(ಬಾನುಲಿ ಭಾಷಣ)